ಆಪರೇಷನ್ ನಂತರದ ಟೇಪು ಮತ್ತು ಮಸಾಜು: ಹಗುರವಾಗಿದ್ದರಷ್ಟೇ ಕೆಲಸ

ಆಪರೇಷನ್ ಆದಮೇಲೆ ಊತ ಇಳಿಸಲು ಬಳಸುವ ಕಿನೆಸಿಯಾಲಜಿ ಟೇಪು, ಅಂದರೆ ಚರ್ಮಕ್ಕೆ ಅಂಟಿಸುವ ಹಿಗ್ಗುವ ಬಣ್ಣದ ಪಟ್ಟಿ, ಒಳ್ಳೆಯ ವಸ್ತುವೇ, ಆದರೆ ಎರಡನೇ ಸಾಲಿನದು. ಕಾಲು ಎತ್ತಿಟ್ಟುಕೊಳ್ಳುವುದು, ವೈದ್ಯರು ಹೇಳಿದ ಕಂಪ್ರೆಷನ್ ಸ್ಟಾಕಿಂಗ್ (ಕಾಲನ್ನು ಬಿಗಿಯಾಗಿ ಹಿಡಿಯುವ ಕಾಲುಚೀಲ), ಪಾದವನ್ನು ಮೇಲೆ ಕೆಳಗೆ ಆಡಿಸುವುದು, ಇವೆಲ್ಲ ಮೊದಲ ಸಾಲು. ಇವನ್ನು ಬಿಟ್ಟು ಬಣ್ಣದ ಪಟ್ಟಿಯನ್ನೇ ನಂಬಿದರೆ ಫಲ ಸಿಗದು. ಇವುಗಳ ಜೊತೆಗೆ, ಸರಿಯಾದ ಕೈಯಿಂದ ಹಾಕಿಸಿಕೊಂಡರೆ ಊತದ ಬಿಗಿತ ಸಡಿಲಾಗಿ ಕೀಲು ಮಡಚುವುದು ಸಲೀಸಾಗಬಹುದು.

ಈ ಟೇಪನ್ನು 1970ರ ದಶಕದಲ್ಲಿ ರೂಪಿಸಿದವರು ಜಪಾನಿನ ಕೆಂಜೊ ಕಾಸೆ. ರೋಲು ಸಾಮಾನ್ಯವಾಗಿ 5 ಸೆಂ.ಮೀ. ಅಗಲ, 5 ಮೀಟರ್ ಉದ್ದ. ಹಿಗ್ಗುವ ಹತ್ತಿ ಬಟ್ಟೆಯ ಬೆನ್ನಿಗೆ ಅಲೆಅಲೆಯಾಗಿ ಅಕ್ರಿಲಿಕ್ ಅಂಟು ಇರುತ್ತದೆ, ಔಷಧ ಏನೂ ಇರುವುದಿಲ್ಲ. ನೀಲಿ, ಕಪ್ಪು, ಗುಲಾಬಿ ಎಂಬ ಬಣ್ಣಭೇದಕ್ಕೆ ಯಾವ ಅರ್ಥವೂ ಇಲ್ಲ. ಊತಕ್ಕೆಂದು ಬೆರಳುಬೆರಳಾಗಿ ಕತ್ತರಿಸಿದ ಸಿದ್ಧ ಪಟ್ಟಿಗಳೂ ಸಿಗುತ್ತವೆ. ಹರಿತವಾದ ಕತ್ತರಿ ಇದ್ದರೆ ರೋಲೇ ಮೇಲು, ಬೇಕಾದ ಉದ್ದಕ್ಕೆ ಕತ್ತರಿಸಿಕೊಳ್ಳಬಹುದು. ಸ್ಟ್ರಾಂಗ್ ಅಂಟು ಎಂದು ಹೊಗಳಿಕೊಳ್ಳುವ ರೋಲನ್ನು ಮಾತ್ರ ಬಿಡಿ. ಅದು ಆಟಗಾರರಿಗೆ ಸರಿ, ಊದಿ ತೆಳುವಾದ ಚರ್ಮಕ್ಕಲ್ಲ.

ಮೊಣಕಾಲಿನ ಉದಾಹರಣೆ ನೋಡಿ. ಪಟ್ಟಿಯ ಒಂದು ತುದಿಯಲ್ಲಿ ನಾಲ್ಕೈದು ಸೆಂ.ಮೀ. ಹಾಗೇ ಬಿಟ್ಟು, ಉಳಿದದ್ದನ್ನು ಉದ್ದಕ್ಕೆ ನಾಲ್ಕು ಅಥವಾ ಐದು ಬಾಲಗಳಾಗಿ ಸೀಳಬೇಕು. ಮೂಲೆಗಳನ್ನೆಲ್ಲ ದುಂಡಗೆ ಕತ್ತರಿಸಬೇಕು, ಚೌಕ ಮೂಲೆ ಬಟ್ಟೆಗೆ ಸಿಕ್ಕಿ ಮೊದಲ ದಿನವೇ ಏಳುತ್ತದೆ. ಎಣ್ಣೆ, ಲೋಷನ್ ಇಲ್ಲದ ಒಣ ಚರ್ಮ ಬೇಕು. ಬುಡವನ್ನು ತೊಡೆಯ ಮೇಲೆ, ಅಂದರೆ ದುಗ್ಧಗ್ರಂಥಿಗಳಿರುವ (ಲಿಂಫ್ ನೋಡ್) ತೊಡೆಸಂದಿಯ ಕಡೆಗೆ, ಎಳೆಯದೆ ಅಂಟಿಸುವುದು. ಆಮೇಲೆ ಮೊಣಕಾಲನ್ನು ನೋವಾಗದಷ್ಟು ಮಡಚಿ, ಬಾಲಗಳನ್ನು ಬೀಸಣಿಗೆಯಂತೆ ಕೆಳಕ್ಕೆ ಹರಡುವುದು. ಹೊಲಿಗೆಯ ಗೆರೆಯನ್ನು ಯಾವ ಬಾಲವೂ ಮುಟ್ಟಬಾರದು. ಕಾಲು ಚಾಚಿದಾಗ ಟೇಪು ಸಣ್ಣಸಣ್ಣ ಸುಕ್ಕಾಗಿ ಮಡಚಿದರೆ ಹಾಕಿದ್ದು ಸರಿಯಾಗಿದೆ. ಕೊನೆಗೆ ಅಂಗೈಯಿಂದ ಮೆಲ್ಲಗೆ ತಿಕ್ಕಬೇಕು, ಈ ಅಂಟು ಹಿಡಿಯುವುದು ಮೈಬಿಸಿಗೆ.

ಕೆಡುವುದು ಬಹುತೇಕ ಒಂದೇ ಕಡೆ: ಎಳೆತ. ಕಾಗದದ ಮೇಲಿರುವಾಗಲೇ ಟೇಪು ಸ್ವಲ್ಪ ಹಿಗ್ಗಿರುತ್ತದೆ, ಊತಕ್ಕೆ ಅಷ್ಟೇ ಸಾಕು. ಹೆಚ್ಚೆಂದರೆ 10ರಿಂದ 15 ಪ್ರತಿಶತ. ಜಗ್ಗಿ ಅಂಟಿಸಿದರೆ ಅದು ಹಿಂದಕ್ಕೆ ಮುದುಡುವಾಗ ಚರ್ಮದ ಮೇಲ್ಪದರ ಕಿತ್ತುಕೊಂಡು ತುದಿಯಲ್ಲಿ ನೀರುಗುಳ್ಳೆ ಏಳುತ್ತದೆ. ಅದನ್ನು ಅಲರ್ಜಿ ಎಂದುಕೊಳ್ಳುವವರೇ ಹೆಚ್ಚು. ನಿಜವಾದ ಅಲರ್ಜಿಯಲ್ಲಿ ತುರಿಕೆ, ಕೆಂಪು ಟೇಪಿನಡಿ ಎಲ್ಲ ಕಡೆ ಇರುತ್ತದೆ. ಹಾಗಾಗಿ ಚಿಕ್ಕ ತುಂಡೊಂದನ್ನು 24 ಗಂಟೆ ಅಂಟಿಸಿ ನೋಡಿಯೇ ಮುಂದುವರಿಯಬೇಕು. ಮೂರರಿಂದ ಐದು ದಿನಕ್ಕೆ ಬದಲಿಸುವುದು ವಾಡಿಕೆ. ತೆಗೆಯುವಾಗ ಎಣ್ಣೆ ಸವರಿ ಸ್ವಲ್ಪ ಹೊತ್ತು ಬಿಟ್ಟು, ಕೂದಲು ಬೆಳೆದ ದಿಕ್ಕಿಗೆ, ಟೇಪನ್ನು ಎತ್ತುವ ಬದಲು ಚರ್ಮವನ್ನು ಒತ್ತಿ ಬಿಡಿಸಬೇಕು.

ಟೇಪು ಚರ್ಮವನ್ನು ಎತ್ತಿ ಹಿಡಿದು ದುಗ್ಧರಸಕ್ಕೆ (ಲಿಂಫ್) ದಾರಿ ಮಾಡುತ್ತದೆ ಎಂಬ ವಿವರಣೆ ಹಲವು ಡಬ್ಬಿಗಳ ಮೇಲಿದೆ. ಅದಕ್ಕೆ ಪುರಾವೆ ದುರ್ಬಲ. ಊತ ಕಡಿಮೆಯಾದುದನ್ನು ತೋರಿಸಿದ ಅಧ್ಯಯನಗಳಿವೆ, ವ್ಯತ್ಯಾಸ ಕಾಣದವೂ ಇವೆ. ದೀರ್ಘಕಾಲದ ಲಿಂಫೆಡೀಮಾದಲ್ಲಂತೂ (ದುಗ್ಧರಸ ಸರಿಯಾಗಿ ಹರಿಯದೆ ನಿಂತು ಬರುವ ಊತ) ಕಂಪ್ರೆಷನ್ ಬ್ಯಾಂಡೇಜಿನ ಜಾಗವನ್ನು ಇದು ತುಂಬಲಾರದು.

ಇನ್ನು ಮಸಾಜು. ಊತಕ್ಕೆ ಮಾಡುವುದು ಲಿಂಫ್ ಡ್ರೈನೇಜ್ ಮಸಾಜು. 1930ರ ದಶಕದಲ್ಲಿ ಎಮಿಲ್ ಮತ್ತು ಎಸ್ಟ್ರಿಡ್ ವೊಡ್ಡರ್ ದಂಪತಿ ಬೆಳೆಸಿದ ವಿಧಾನ. ಬಲ್ಲ ಥೆರಪಿಸ್ಟ್ ಕೈ ಇಡುವ ಮೊದಲೇ ಗೊತ್ತಾಗುತ್ತಾರೆ: ಡಿಸ್ಚಾರ್ಜ್ ಸಾರಾಂಶ ಓದುತ್ತಾರೆ, ಆಪರೇಷನ್ನಿನ ತಾರೀಖು ಕೇಳುತ್ತಾರೆ, ಅಳತೆಪಟ್ಟಿಯಿಂದ ಪ್ರತಿಸಲ ಅದೇ ಗುರುತಿನಲ್ಲಿ ಸುತ್ತಳತೆ ಬರೆದಿಡುತ್ತಾರೆ. ಊದಿದ ಜಾಗವನ್ನು ಮೊದಲು ಮುಟ್ಟುವುದಿಲ್ಲ. ಕುತ್ತಿಗೆಯ ಬುಡದಿಂದ ಶುರುಮಾಡಿ ತೊಡೆಸಂದಿಗೆ ಬಂದು, ಮುಂದಿನ ದಾರಿ ತೆರವು ಮಾಡಿದ ಮೇಲೆ ಕೆಳಗಿಳಿಯುತ್ತಾರೆ. ಕೈ ಎಷ್ಟು ಹಗುರ ಎಂದರೆ ಚರ್ಮವಷ್ಟೇ ಸರಿಯಬೇಕು, ಅಡಿಯ ಸ್ನಾಯು ಕದಲಬಾರದು. ಚರ್ಮ ಕೆಂಪಾಯಿತು ಎಂದರೆ ಒತ್ತಡ ಹೆಚ್ಚಾಯಿತು ಎಂದೇ ಅರ್ಥ. ಹೊಸ ಗಾಯದ ಸುತ್ತ ಬಿಸಿ ಎಣ್ಣೆ ಸುರಿದು ಗಟ್ಟಿಯಾಗಿ ತೀಡುವವರು ಸಿಕ್ಕರೆ ಎದ್ದು ಬಂದುಬಿಡಿ.

ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ, ಮೀನಖಂಡ ಬಿಸಿಯಾಗಿ ನೋಯತೊಡಗಿದರೆ ಟೇಪೂ ಬೇಡ, ಮಸಾಜೂ ಬೇಡ, ಸೀದಾ ಆಸ್ಪತ್ರೆ. ಅದು ರಕ್ತ ಹೆಪ್ಪುಗಟ್ಟಿದ ಲಕ್ಷಣವಿರಬಹುದು. ಸೋಂಕು, ಜ್ವರ, ಹತೋಟಿಯಲ್ಲಿಲ್ಲದ ಹೃದಯ ಅಥವಾ ಕಿಡ್ನಿ ತೊಂದರೆ ಇದ್ದಾಗಲೂ ಎರಡನ್ನೂ ದೂರವಿಡಬೇಕು. ಕ್ಯಾನ್ಸರ್ ಚಿಕಿತ್ಸೆ ನಡೆಯುತ್ತಿದ್ದರೆ ಆ ವೈದ್ಯರ ಒಪ್ಪಿಗೆ ಬೇಕೇ ಬೇಕು.

ಗಾಯದ ಕಲೆಯ ಮಸಾಜು ಬೇರೆಯದೇ ಕೆಲಸ. ಹೊಲಿಗೆ ಬಿಚ್ಚಿ, ಹಕ್ಕಳೆ ತಾನಾಗಿ ಉದುರಿ, ಎಲ್ಲೂ ಒಸರದೆ ಮುಚ್ಚಿಕೊಂಡ ಮೇಲೆ, ಸರ್ಜನ್ ಸರಿ ಎಂದರೆ ಶುರು. ಮೂರನೇ ವಾರದಲ್ಲೂ ಗಾಯದ ಗಟ್ಟಿತನ ಮೊದಲಿನ ಚರ್ಮದ ಕಾಲು ಭಾಗದಷ್ಟೇ, ಆದ್ದರಿಂದ ಅವಸರ ಬೇಡ. ಸುವಾಸನೆಯಿಲ್ಲದ ಮಾಯಿಶ್ಚರೈಸರ್ ಹಚ್ಚಿ, ಬೆರಳ ತುದಿಯ ಉಗುರು ಬೆಳ್ಳಗಾಗುವಷ್ಟು ಒತ್ತಿ, ಚರ್ಮದ ಮೇಲೆ ಜಾರದೆ ಚರ್ಮವನ್ನೇ ಅಡಿಯ ಪದರದ ಮೇಲೆ ಸರಿಸಬೇಕು: ಉದ್ದಕ್ಕೆ, ಅಡ್ಡಕ್ಕೆ, ಸುತ್ತು ಸುತ್ತಾಗಿ. ಐದು ನಿಮಿಷ, ದಿನಕ್ಕೆ ಎರಡು ಮೂರು ಸಲ. ವಿಟಮಿನ್ ಇ ಎಣ್ಣೆ ಹಚ್ಚಬೇಡಿ, ಕಲೆ ಅಳಿಸುವುದಿರಲಿ, ಹಲವರಿಗೆ ಅದರಿಂದಲೇ ಚರ್ಮ ಕೆರಳುತ್ತದೆ.

ಉಬ್ಬುವ ಕಲೆಗೆ ಟೇಪಿಗಿಂತ ಸಿಲಿಕೋನ್ ಹಾಳೆಗೇ ನನ್ನ ಮತ. ದಿನಕ್ಕೆ ಕನಿಷ್ಠ 12 ಗಂಟೆ, ಎರಡು ಮೂರು ತಿಂಗಳು, ದಿನವೂ ಹಾಳೆಯನ್ನೂ ಚರ್ಮವನ್ನೂ ತೊಳೆದು ಒಣಗಿಸಿ. ತೊಳೆಯದೆ ಬಿಟ್ಟರೆ ಬೆವರುಸಾಲೆ ಖಂಡಿತ. ಹೊರಗೆ ಹೋಗುವಾಗ ಕಲೆಯನ್ನು ಬಟ್ಟೆಯಿಂದಲೋ ಸನ್‌ಸ್ಕ್ರೀನಿನಿಂದಲೋ ಮುಚ್ಚಿ, ಬಿಸಿಲಿಗೆ ಕಪ್ಪಾದದ್ದು ಬೇಗ ತಿಳಿಯಾಗದು. ಇಷ್ಟೆಲ್ಲ ಮಾಡಿಯೂ ಕಲೆ ಗಾಯದ ಗೆರೆ ದಾಟಿ ಪಕ್ಕದ ಒಳ್ಳೆಯ ಚರ್ಮಕ್ಕೆ ಹಬ್ಬತೊಡಗಿದರೆ ಅದು ಕೀಲಾಯ್ಡ್. ಉಜ್ಜುವುದನ್ನು ನಿಲ್ಲಿಸಿ ಚರ್ಮವೈದ್ಯರಿಗೆ ತೋರಿಸಿ. ಅಲ್ಲಿ ಬೇಕಾದದ್ದು ಕಲೆಯೊಳಕ್ಕೆ ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್‌ನಂಥ ಚಿಕಿತ್ಸೆ.