"ನಾವೂ ನಿಮ್ಮ ಊರ ಕಡೆಯವರ ರೀ" ಅಂದವನನ್ನು ನಂಬಿ ಕೆಟ್ಟೆವು: ಮುಂಬೈ ಹತ್ತಿರದ ಡೊಂಬಿವಲಿಯಿಂದ ಶಿಮ್ಲಾಗೆ ಮನೆ ಸಾಗಿಸಿದ ಕಥೆ

ಇದನ್ನು ಬರೆಯಲೋ ಬೇಡವೋ ಅಂತ ಒಂದು ತಿಂಗಳು ಒದ್ದಾಡಿದೆ. ನಾಚಿಕೆ ಆಗುತ್ತದೆ. ಹತ್ತೊಂಬತ್ತು ವರ್ಷ ಮುಂಬೈಯಲ್ಲಿ ಸಂಸಾರ ಮಾಡಿದವಳು ನಾನು. ಮೂರು ಸಲ ಮನೆ ಬದಲಾಯಿಸಿದ್ದೇನೆ, ಟೆಂಪೋದವರ ಜೊತೆ, ಹಮಾಲರ ಜೊತೆ ಚೌಕಾಸಿ ಮಾಡಿ ಗೊತ್ತಿದೆ. ಅಂಥವಳು ಹೀಗೆ ಮೋಸ ಹೋದೆ ಅಂತ ಹೇಳಿಕೊಳ್ಳುವುದು ಹೇಗೆ? ಆದರೆ ಹೋದ ವಾರ ನಮ್ಮ ಹಳೇ ಬಿಲ್ಡಿಂಗಿನ ಮಾಮಿ ಫೋನ್ ಮಾಡಿದರು. "ನಮ್ಮ ಮಗನಿಗೆ ಡೆಹ್ರಾಡೂನಿಗೆ ವರ್ಗ ಆಗಿದೆ, ನಿಮ್ಮ ಸಾಮಾನು ಒಯ್ದನಲ್ಲ ಆ ಕನ್ನಡದ ಹುಡುಗ, ಅವನ ನಂಬರ್ ಕೊಡ್ತೀಯಾ?" ಎದೆ ಧಸಕ್ಕೆಂದಿತು. ಇನ್ನು ಸುಮ್ಮನಿರಬಾರದು ಅನಿಸಿ ಬರೆಯುತ್ತಿದ್ದೇನೆ.

ನಮ್ಮ ಯಜಮಾನರದು ಕೇಂದ್ರ ಸರ್ಕಾರದ ನೌಕರಿ. ನವೆಂಬರಿನಲ್ಲಿ ಶಿಮ್ಲಾಗೆ ವರ್ಗ ಆಯಿತು, ಡಿಸೆಂಬರ್ ಮಧ್ಯದೊಳಗೆ ಹಾಜರಾಗಬೇಕು. ಮನೆಯಲ್ಲಿ 71 ವರ್ಷದ ಅತ್ತೆ, ಮೊಣಕಾಲು ನೋವು. ಆರು ವರ್ಷದ ಮಗ, ಹುಟ್ಟಿದ ಮೇಲೆ ಫ್ಯಾನ್ ಇಲ್ಲದೆ ಒಂದು ರಾತ್ರಿಯೂ ಮಲಗಿದವನಲ್ಲ. ಡೊಂಬಿವಲಿಯ ಚಳಿ ನಿಮಗೆ ಗೊತ್ತೇ ಇದೆ, ಜನವರಿಯಲ್ಲಿ ನಾಲ್ಕು ದಿನ ಫ್ಯಾನ್ ಒಂದು ನಂಬರ್ ಕಡಿಮೆ ಮಾಡಿದರೆ ಮುಗಿಯಿತು. ಶಿಮ್ಲಾ ಇರುವುದು ಸುಮಾರು 2,200 ಮೀಟರ್ ಎತ್ತರದಲ್ಲಿ. ಡಿಸೆಂಬರ್ ರಾತ್ರಿ ಮೂರು ನಾಲ್ಕು ಡಿಗ್ರಿ. ಅದಕ್ಕೇ ನಾನು ಒಂದು ತಿಂಗಳು ಮೊದಲೇ ತಯಾರಿ ಶುರು ಮಾಡಿದ್ದೆ. ಚಳಿಗಾಲದಲ್ಲಿ ಮುಂಬೈಗೆ ಬರುವ ಟಿಬೆಟಿಯನ್ನರ ಅಂಗಡಿಗಳಲ್ಲಿ ಸ್ವೆಟರ್, ಒಳಗೆ ಹಾಕುವ ಥರ್ಮಲ್, ಕೈಗವಸು, ಉಣ್ಣೆ ಕಾಲುಚೀಲ, ನಾಲ್ಕು ಮಂದಿಗೆ ನಾಲ್ಕು ಜಾಕೆಟ್, ನಾಲ್ಕು ರಜಾಯಿ, ಎರಡು ರೂಮ್ ಹೀಟರ್. ಎಲ್ಲಾ ಸೇರಿ 31 ಸಾವಿರ ಖರ್ಚು ಮಾಡಿದ್ದೆ. ತಯಾರಿ ಇರಲಿಲ್ಲ ಅಂತ ಯಾರೂ ಹೇಳಬೇಡಿ. ಆ ಎಲ್ಲ ತಯಾರಿ ಕಪ್ಪು ಕಬ್ಬಿಣದ ಟ್ರಂಕಿನಲ್ಲಿತ್ತು. ನಂಬರ್ 17. ಆ ನಂಬರ್ ನಾನು ಸಾಯುವತನಕ ಮರೆಯುವುದಿಲ್ಲ.

ಪ್ಯಾಕರ್ಸ್‌ನವರನ್ನು ಮೂರು ಕಡೆ ವಿಚಾರಿಸಿದೆವು. ಒಬ್ಬರು 92 ಸಾವಿರ ಅಂದರು, ಇನ್ನೊಬ್ಬರು 98. ಮೂರನೆಯವನ ನಂಬರ್ ನಮ್ಮ ಕಡೆಯವರ ವಾಟ್ಸಾಪ್ ಗುಂಪಿನಿಂದ ಸಿಕ್ಕಿತು. ಫೋನ್ ಎತ್ತಿದವನು ಮೊದಲು ಕೇಳಿದ್ದೇ, "ಅಕ್ಕಾರ, ಯಾವ ಊರ್ರಿ ನಿಮ್ದು?" ಬಾಗಲಕೋಟೆ ಅಂದೆ. "ಅಯ್ಯ, ನಮ್ಮವ್ವನ ತವರುಮನಿ ಅಲ್ಲೇ ಐತ್ರಿ. ನಾವೂ ನಿಮ್ಮ ಊರ ಕಡೆಯವರ ರೀ. ಚಿಂತಿ ಬಿಡ್ರಿ, ನಿಮ್ಮ ಸಾಮಾನು ನಮ್ಮ ಮನಿ ಸಾಮಾನು ಇದ್ದಂಗ." ಮರುದಿನ ಮನೆಗೇ ಬಂದ. ಅತ್ತೆಯ ಕಾಲು ಮುಟ್ಟಿ ನಮಸ್ಕಾರ ಮಾಡಿದ. ಅತ್ತೆ ರೊಟ್ಟಿ, ಶೇಂಗಾ ಚಟ್ನಿ ಹಾಕಿ ಊಟಕ್ಕೆ ಕೂರಿಸಿದರು. ಊಟ ಮಾಡಿದ! ನಮ್ಮ ಮನೆ ಅನ್ನ ಉಂಡು ಹೋದ.

64 ಸಾವಿರ ಅಂದ. ಎಲ್ಲಾ ಸೇರಿ. ಪ್ಯಾಕಿಂಗ್, ಸಾಗಾಟ, ಜಿಎಸ್‌ಟಿ, ವಿಮೆ, ಶಿಮ್ಲಾದಲ್ಲಿ ಮನೆ ಬಾಗಿಲಿಗೆ ಇಳಿಸುವುದು, ಎಲ್ಲಾ. "ಮತ್ತ ಒಂದು ರೂಪಾಯಿ ಕೇಳಿದ್ರ ಹೇಳ್ರಿ ಅಕ್ಕಾರ." 40 ಸಾವಿರ ಅಡ್ವಾನ್ಸ್ ಕೊಟ್ಟೆವು, 24 ಇಳಿಸಿದ ಮೇಲೆ. ಉಳಿದಿಬ್ಬರು ಯಾಕೆ 30 ಸಾವಿರ ಹೆಚ್ಚು ಹೇಳುತ್ತಿದ್ದಾರೆ ಅಂತ ನಾನು ಕೇಳಬೇಕಿತ್ತು. ಕೇಳಲಿಲ್ಲ. ಊರಿನ ಹುಡುಗ, ನಮಗಾಗಿ ಕಡಿಮೆ ಮಾಡಿದ್ದಾನೆ ಅಂದುಕೊಂಡೆ.

ಇನ್ನೊಂದು ಮಾತು ಅವತ್ತೇ ಹೇಳಿದ್ದ. ನಾನು ಬೆಚ್ಚನೆ ಬಟ್ಟೆಯೆಲ್ಲ ನಮ್ಮ ಜೊತೆ ವಿಮಾನದಲ್ಲಿ ಒಯ್ಯುತ್ತೇನೆ ಅಂದಾಗ, "ಯಾಕ್ರಿ ಅಕ್ಕಾರ, ಅವರು ತಲಿಗೆ 15 ಕೆಜಿ ಅಷ್ಟ ಬಿಡ್ತಾರ, ಹೆಚ್ಚಾದ್ರ ದುಡ್ಡು ಸುಲೀತಾರ. ಟ್ರಕ್ಕಿಗೆ ಹಾಕ್ರಿ. ಏಳು ದಿನ, ನೀವು ಮುಟ್ಟೂದ್ರಾಗ ನಿಮ್ಮ ಸಾಮಾನು ಬಾಗಲಾಗ ಇರತೈತಿ." ಈ ಮಾತಿಗೆ ನಾನು ಹೂಂ ಅಂದೆ. ದುಡ್ಡು ಹೋದದ್ದಕ್ಕಿಂತ ಇದು ನನ್ನನ್ನು ಹೆಚ್ಚು ಸುಡುತ್ತಿದೆ.

ಡಿಸೆಂಬರ್ 3ಕ್ಕೆ ಪ್ಯಾಕಿಂಗ್. ಅವನು ಬರಲಿಲ್ಲ, ಮೂರು ಹುಡುಗರು ಬಂದರು. ಅವರಿಗೆ ಅವನ ಹೆಸರೂ ಸರಿಯಾಗಿ ಗೊತ್ತಿರಲಿಲ್ಲ, "ಭಿವಂಡಿ ಗೋದಾಮಿನ ಸೇಠ್ ಕಳಿಸಿದ್ದು" ಅಂದರು. ಅಲ್ಲೇ ಎಚ್ಚರ ಆಗಬೇಕಿತ್ತು. 46 ನಗ, ಅಂದರೆ ನಂಬರ್ ಹಾಕಿ ಕಟ್ಟಿದ ಸಾಮಾನು. ಬಿಲ್ಟಿ ಅಂತ, ಅಂದರೆ ಸಾಮಾನು ಸಾಗಾಟದ ರಸೀದಿ, ಒಂದು ಗುಲಾಬಿ ಕಾಗದ ಮುಂದೆ ಹಿಡಿದರು. ಮೇಲೆ ಇವನ ಕಂಪನಿ ಹೆಸರಲ್ಲ, ಬೇರೆ ಯಾವುದೋ ಟ್ರಾನ್ಸ್‌ಪೋರ್ಟಿನದು. ತೂಕದ ಜಾಗ ಖಾಲಿ, ಬಾಡಿಗೆಯ ಜಾಗ ಖಾಲಿ. ಸೊಸೈಟಿಯ ಸೆಕ್ರೆಟರಿ ಲಿಫ್ಟಿನ ವಿಷಯಕ್ಕೆ ಕೂಗಾಡುತ್ತಿದ್ದರು, ಕೆಳಗೆ ಟೆಂಪೋ ಹಾರ್ನ್ ಹೊಡೆಯುತ್ತಿತ್ತು. ಸಹಿ ಮಾಡಿದೆ. ಖಾಲಿ ಕಾಗದಕ್ಕೆ ಸಹಿ ಮಾಡಿದೆ ಅಂತಲೇ ತಿಳಿಯಿರಿ.

10ಕ್ಕೆ ನಾವು ಚಂಡೀಗಢಕ್ಕೆ ವಿಮಾನದಲ್ಲಿ ಹೋಗಿ, ಅಲ್ಲಿಂದ ಟ್ಯಾಕ್ಸಿಯಲ್ಲಿ ಶಿಮ್ಲಾ ತಲುಪಿದೆವು. ಮೈಮೇಲೆ ಒಂದೊಂದು ತೆಳು ಸ್ವೆಟರ್, ಅತ್ತೆಗೆ ಒಂದು ಶಾಲು. ಖಾಲಿ ಮನೆ. ನೆಲ ಮುಟ್ಟಿದರೆ ಐಸ್ ಮುಟ್ಟಿದ ಹಾಗೆ. ಫೋನ್ ಮಾಡಿದೆ. "ನಾಳೆ ಬರತೈತ್ರಿ ಅಕ್ಕಾರ." ಮರುದಿನವೂ ನಾಳೆ. ಅದರ ಮರುದಿನವೂ ನಾಳೆ. ನಾಲ್ಕನೇ ದಿನ ಫೋನ್ ಎತ್ತಲಿಲ್ಲ. ಐದನೇ ದಿನ ಬೇರೆ ಯಾವುದೋ ನಂಬರಿನಿಂದ ಒಬ್ಬ ಹಿಂದಿಯಲ್ಲಿ ಮಾತಾಡಿದ. ನಿಮ್ಮ ಸಾಮಾನು ಚಂಡೀಗಢದ ಹೊರಗೆ ಗೋದಾಮಿನಲ್ಲಿದೆ, ದೊಡ್ಡ ಟ್ರಕ್ ಬೆಟ್ಟ ಹತ್ತುವುದಿಲ್ಲ, ಸಣ್ಣ ಗಾಡಿಗೆ ಬದಲಾಯಿಸಬೇಕು, 41 ಸಾವಿರ ಹೆಚ್ಚಿಗೆ ಕೊಡಿ. ಕೊಡದಿದ್ದರೆ ದಿನಕ್ಕೆ 1,500 ಗೋದಾಮಿನ ಬಾಡಿಗೆ.

ಕೈ ನಡುಗುತ್ತಾ ನಮ್ಮ "ಊರಿನ ಹುಡುಗ"ನಿಗೆ ಫೋನ್ ಮಾಡಿದೆ. ಹತ್ತು ಸಲ. ಹನ್ನೊಂದನೇ ಸಲ ಎತ್ತಿದ. ನಾನು ಕನ್ನಡದಲ್ಲೇ ಕೇಳಿದೆ, "ಏನಪ್ಪಾ ಇದು, ಎಲ್ಲಾ ಸೇರಿ 64 ಅಂದಿದ್ದೆಯಲ್ಲ?" ಅವನು ಹಿಂದಿಯಲ್ಲಿ ಉತ್ತರ ಕೊಟ್ಟ. "ದೇಖಿಯೇ ಮೇಡಂ, ಟ್ರಾನ್ಸ್‌ಪೋರ್ಟರ್ ಅಲಗ್ ಹೈ. ಬಿಲ್ಟಿ ಪೇ ಸೈನ್ ಆಪ್‌ನೇ ಕಿಯಾ ಹೈ." ಅಂದರೆ, ಸಾಗಿಸುವವರು ಬೇರೆ, ಬಿಲ್ಟಿಗೆ ಸಹಿ ಮಾಡಿದ್ದು ನೀವೇ ಅಂತ.

ಮೇಡಂ. ಅಕ್ಕಾರ ಹೋಗಿ ಮೇಡಂ ಆಗಿದ್ದೆ. ಕನ್ನಡ ಹೋಗಿ ಹಿಂದಿ ಬಂದಿತ್ತು. ನಾನು ಮತ್ತೆ ಕನ್ನಡದಲ್ಲಿ ಕೇಳಿದೆ, ಅವನು ಮತ್ತೆ ಹಿಂದಿಯಲ್ಲೇ. ಮೂರು ಸಲ ಹೀಗೇ ಆಯಿತು. ಮನೆಯಲ್ಲಿ ಪುಟ್ಟ ಮಗು ಇದೆ, ವಯಸ್ಸಾದ ಅತ್ತೆ ಇದ್ದಾರೆ, ನೀನು ಅವರ ಕೈಯಡುಗೆ ಉಂಡಿದ್ದೀಯಲ್ಲೋ, ಟ್ರಂಕ್ ಒಂದನ್ನಾದರೂ ಕಳಿಸು, ರಜಾಯಿ ಇರೋದು ಅದರಲ್ಲೇ ಅಂತ ಬೇಡಿಕೊಂಡೆ. ಬೇಡಿಕೊಂಡೆ! "ಪೇಮೆಂಟ್ ಕರ್ ದೀಜಿಯೇ ಮೇಡಂ, ಸಬ್ ನಿಕಲ್ ಜಾಯೇಗಾ", ದುಡ್ಡು ಕೊಟ್ಟುಬಿಡಿ, ಎಲ್ಲಾ ಹೊರಡುತ್ತದೆ, ಅಂದು ಇಟ್ಟುಬಿಟ್ಟ. ನಾನು ನಿಜವಾಗಿ ಮೋಸ ಹೋಗಿದ್ದೇನೆ ಅಂತ ಗೊತ್ತಾದದ್ದು ಆ ಕ್ಷಣ. ದುಡ್ಡು ಕೇಳಿದಾಗ ಅಲ್ಲ, ಅವನು ಮೇಡಂ ಅಂದಾಗ.

ಅಲ್ಲೇ ಕೊಂಡುಕೊಳ್ಳಬಹುದಿತ್ತಲ್ಲ ಅಂತ ಕೇಳುತ್ತೀರಿ. ಕೊಂಡೆವು. ಲೋಯರ್ ಬಜಾರಿನಲ್ಲಿ ಒಂದು ಹೀಟರ್, ಮಗನಿಗೊಂದು ಜಾಕೆಟ್, ಒಂದು ರಜಾಯಿ. ನಾಳೆ ಬರುತ್ತದೆ ನಾಳೆ ಬರುತ್ತದೆ ಅಂತ ಎಲ್ಲವನ್ನೂ ಎರಡೆರಡು ಸಲ ಕೊಳ್ಳಲು ಮನಸ್ಸು ಬರಲಿಲ್ಲ. ಮನೆ ಮಾಲೀಕರ ಹೆಂಡತಿ ಕೇಳದೆಯೇ ಎರಡು ರಜಾಯಿ ತಂದು ಕೊಟ್ಟರು, ಆ ತಾಯಿಗೆ ಪುಣ್ಯ ಬರಲಿ. ನಾಲ್ಕೂ ಜನ ಒಂದೇ ಕೋಣೆಯಲ್ಲಿ ಒಂದೇ ಹೀಟರ್ ಮುಂದೆ ಮಲಗಿದೆವು. ಮಗನ ತುಟಿ ಒಡೆದು ರಕ್ತ ಬರುತ್ತಿತ್ತು. ಕೈಚೀಲದಲ್ಲಿ ತಂದಿದ್ದ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಬಿಳಿ ಕಲ್ಲಾಗಿತ್ತು. ಬೆಳಿಗ್ಗೆ ನೋಡುತ್ತೇನೆ, ಅತ್ತೆ ಆ ಬಾಟಲಿಯನ್ನು ಎರಡೂ ಅಂಗೈ ನಡುವೆ ಇಟ್ಟು ಉಜ್ಜುತ್ತಾ ಕೂತಿದ್ದಾರೆ, ಒಂದು ಹನಿ ಕರಗಿದರೆ ಮೊಮ್ಮಗನ ತುಟಿಗೆ ಹಚ್ಚೋಣ ಅಂತ. ನನ್ನನ್ನು ಒಂದು ಮಾತು ಅನ್ನಲಿಲ್ಲ.

ಪೊಲೀಸರ ಹತ್ತಿರ ಹೋಗಲಿಲ್ಲವೇ? ಹೋದೆವು. ಬುಕ್ ಮಾಡಿದ್ದು ಮಹಾರಾಷ್ಟ್ರದಲ್ಲಿ, ಸಾಮಾನು ಇರುವುದು ಇನ್ನೊಂದು ರಾಜ್ಯದಲ್ಲಿ, ನಾವಿರುವುದು ಹಿಮಾಚಲದಲ್ಲಿ. ದೂರು ಬರೆದುಕೊಂಡರು, ಅಷ್ಟೇ. ಗೋದಾಮಿನವನಿಗೆ ಇದೆಲ್ಲ ಗೊತ್ತಿದೆ, ಚಳಿಯಲ್ಲಿ ಕೂತ ಸಂಸಾರ ಎಷ್ಟು ದಿನ ಹಟ ಮಾಡೀತು ಅಂತ ಲೆಕ್ಕ ಹಾಕಿಯೇ ಕೂತಿರುತ್ತಾನೆ. ಕೊನೆಗೆ 41ರಿಂದ 35ಕ್ಕೆ ಇಳಿದ. 24 ಸಾವಿರ ಬಾಕಿ, ಅದರ ಮೇಲೆ 35. ಕೊಟ್ಟೆವು. 21ನೇ ತಾರೀಖು ಒಂದು ಪಿಕಪ್ ಗಾಡಿ ಬಂತು. ಮನೆ ಬಾಗಿಲಿಗಲ್ಲ, ಕೆಳಗಿನ ರಸ್ತೆಗೆ. ಅಲ್ಲಿಂದ ಮೇಲಕ್ಕೆ 90 ಮೆಟ್ಟಿಲು. ಇಲ್ಲಿ ಸಾಮಾನು ಹೊರುವ ಕಾಶ್ಮೀರಿ ಕೂಲಿಗಳಿದ್ದಾರೆ, ಖಾನ್ ಅಂತ ಕರೆಯುತ್ತಾರೆ, ಬೆನ್ನ ಮೇಲೆ ಇಡೀ ಫ್ರಿಜ್ ಹೊತ್ತು ಹತ್ತಿದರು. ಅವರಿಗೆ 4,200. ಅದು ಅವರ ಬೆವರಿನ ದುಡ್ಡು, ಅದರ ಬಗ್ಗೆ ನನ್ನ ತಕರಾರಿಲ್ಲ. ಒಟ್ಟು 1,03,200. ಆ 98 ಸಾವಿರದವನನ್ನು ನಾವು ದುಬಾರಿ ಅಂತ ಬಿಟ್ಟಿದ್ದೆವು.

46ರಲ್ಲಿ 44 ಬಂದವು. ಗ್ರೈಂಡರಿನ ಕಲ್ಲು ಎರಡು ಹೋಳು. ವಾಷಿಂಗ್ ಮಷೀನಿನ ಬಾಗಿಲು ಮುರಿದಿದೆ. ವಿಮೆ ಇದೆಯಲ್ಲ ಅಂತ ಪಾಲಿಸಿ ನಂಬರ್ ಕೇಳಿದೆ. ಯಾವ ಪಾಲಿಸಿ? ಬಿಲ್ಲಿನಲ್ಲಿ "ವಿಮೆ 9,000" ಅಂತ ಒಂದು ಸಾಲು, ಅಷ್ಟೇ. ಮೆಸೇಜಿಗೆ ಅವನ ಉತ್ತರ: "ವೋ ಟ್ರಾನ್ಸಿಟ್ ಕಾ ಥಾ ಮೇಡಂ, ಬ್ರೇಕೇಜ್ ಕಾ ನಹೀ." ಅದು ಸಾಗಾಟದ ವಿಮೆಯಂತೆ, ಒಡೆದದ್ದಕ್ಕಲ್ಲವಂತೆ. ಆಮೇಲೆ ಬ್ಲಾಕ್.

ನ್ಯಾಯವಾಗಿ ಒಂದು ಮಾತು ಹೇಳಬೇಕು. ಬೆಟ್ಟಕ್ಕೆ ಸಣ್ಣ ಗಾಡಿ ಬೇಕಾಗುವುದು ಸುಳ್ಳಲ್ಲ, ಅದಕ್ಕೆ ಖರ್ಚಿದೆ. 92, 98 ಅಂದವರು ಅದನ್ನು ಸೇರಿಸಿಯೇ ಹೇಳಿದ್ದರು. ಇವನಿಗೂ ಮೊದಲ ದಿನವೇ ಗೊತ್ತಿತ್ತು. ಮುಚ್ಚಿಟ್ಟ.

ಎಲ್ಲಾ ಮುಗಿದ ಮೇಲೆ ಅವನ ಬಿಲ್ಲಿನ ಜಿಎಸ್‌ಟಿ ನಂಬರನ್ನು ಸರ್ಕಾರದ ಜಾಲತಾಣದಲ್ಲಿ ಹಾಕಿ ನೋಡಿದೆ. ಎರಡೇ ನಿಮಿಷದ ಕೆಲಸ. ಮಹಾರಾಷ್ಟ್ರದ ನಂಬರ್ 27ರಿಂದ ಶುರುವಾಗುತ್ತದೆ. ಇವನದು 07, ಅಂದರೆ ದೆಹಲಿ. ಹೆಸರೂ ಬೇರೆ ಯಾರದೋ. ಅಡ್ವಾನ್ಸ್ ಕೊಡುವ ಮೊದಲು ಈ ಎರಡು ನಿಮಿಷ ನನಗಿರಲಿಲ್ಲ!

ಚಳಿ ಊರಿಗೆ ಹೊರಟವರಿಗೆ ಹೇಳುವುದಿಷ್ಟು. ಸ್ವೆಟರ್, ಜಾಕೆಟ್, ಒಂದೊಂದು ಹೊದಿಕೆ ನಿಮ್ಮ ಕೈಯಲ್ಲೇ ಇರಲಿ. ಹೆಚ್ಚಿನ ತೂಕಕ್ಕೆ ವಿಮಾನದವರು ಎಷ್ಟು ಕೇಳಿದರೂ ಕೊಡಿ, ಯಾರ ಮಾತೂ ಕೇಳಬೇಡಿ. ಬಿಲ್ಟಿಯಲ್ಲಿ ತೂಕ, ಬಾಡಿಗೆ, ಸಾಮಾನಿನ ಬೆಲೆ ತುಂಬಿಸದೆ ಸಹಿ ಬೇಡ. 2007ರ ರಸ್ತೆ ಸಾಗಾಟ ಕಾಯ್ದೆಯಲ್ಲಿ, ಹೆಚ್ಚಿನ ಬೆಲೆ ಘೋಷಿಸಿ ಅದಕ್ಕೆ ದರ ಕೊಟ್ಟಿರದಿದ್ದರೆ ಪರಿಹಾರ ಬಾಡಿಗೆಯ ಹತ್ತು ಪಟ್ಟು ದಾಟುವುದಿಲ್ಲ. ಬಾಡಿಗೆಯ ಜಾಗವೇ ಖಾಲಿ ಇದ್ದರೆ ಯಾವುದರ ಹತ್ತು ಪಟ್ಟು? ಬುಕ್ ಮಾಡಿದ 180 ದಿನದೊಳಗೆ ಲಿಖಿತ ನೋಟಿಸ್ ಕೊಡಬೇಕು, ನಾನು ಕೊಟ್ಟಿದ್ದೇನೆ. ಗ್ರಾಹಕ ಸಹಾಯವಾಣಿ 1915ಕ್ಕೂ ಹೇಳಿದ್ದೇನೆ. 2019ರ ಗ್ರಾಹಕ ಕಾಯ್ದೆಯ ಪ್ರಕಾರ ನಾವು ಈಗ ಇರುವ ಊರಿನಲ್ಲೇ ದೂರು ಹಾಕಬಹುದು, ನಾವು ಕೊಟ್ಟ ದುಡ್ಡು ಐದು ಲಕ್ಷದವರೆಗಿದ್ದರೆ ಶುಲ್ಕವಿಲ್ಲ. ಶಿಮ್ಲಾದಲ್ಲೇ ಹಾಕಿದ್ದೇನೆ. ಬಿಡುವುದಿಲ್ಲ.

ಮತ್ತೆ, ಫೋನಿನಲ್ಲಿ ಮೊದಲ ಮಾತೇ "ಯಾವ ಊರ್ರಿ ನಿಮ್ದು" ಅಂದರೆ ಜಿಎಸ್‌ಟಿ ನಂಬರ್ ಕೇಳಿ. ಕನ್ನಡ ಮಾತಾಡಿದ ಅಂತ ನಂಬಿದ್ದು ತಪ್ಪೇ ಅಂತ ಅತ್ತೆ ಈಗಲೂ ಕೇಳುತ್ತಾರೆ. ನನ್ನ ಹತ್ತಿರ ಉತ್ತರ ಇಲ್ಲ.

ಬಾರದ ಎರಡು ನಗಗಳಲ್ಲಿ ಒಂದು ಮಗನ ಸೈಕಲ್, ಹೋಗಲಿ. ಇನ್ನೊಂದು ಅತ್ತೆಯ ಹಿತ್ತಾಳೆ ಹಂಡೆ, ಅವರ ಮದುವೆಗೆ ತವರಿನವರು ಕೊಟ್ಟದ್ದು. ಕಂಠದ ಮೇಲೆ ಕನ್ನಡದಲ್ಲಿ ಹೆಸರು, ಕೆಳಗೆ 1974 ಅಂತ ಕೊರೆಸಿದೆ, ಒಂದು ಪಕ್ಕ ಸಣ್ಣ ತಗ್ಗು ಬಿದ್ದಿದೆ. ಭಿವಂಡಿ, ಕಲ್ಯಾಣ ಕಡೆಯ ಹಳೇ ಪಾತ್ರೆ ಅಂಗಡಿಗಳಲ್ಲಿ ಯಾರಿಗಾದರೂ ಅಂಥದ್ದು ಕಂಡರೆ ದಯವಿಟ್ಟು ತಿಳಿಸಿ. ಅವರು ಕೇಳಿದಷ್ಟು ಕೊಟ್ಟು ತೆಗೆದುಕೊಳ್ಳುತ್ತೇನೆ.