ಏಕಾಂಡ ವೀಣೆಯೆಂದು ನಂಬಿ 1,60,000 ರೂಪಾಯಿ ಕಳೆದುಕೊಂಡೆ

ಇಪ್ಪತ್ತೆರಡು ವರ್ಷಗಳಿಂದ ವೀಣೆ ನುಡಿಸುತ್ತಿರುವವಳು ಹೀಗೆ ಮೋಸಹೋದೆನೆಂದು ಬರೆಯಲು ನಾಚಿಕೆಯಾಗುತ್ತಿದೆ. ಆದರೆ ಅದೇ ವ್ಯಾಪಾರಿ ಈಗ ಇನ್ನೊಂದು ‘ಅರಮನೆ ಕಾಲದ ವೀಣೆ’ಯ ಫೋಟೋ ಹರಿಯಬಿಟ್ಟಿರುವುದನ್ನು ಗೆಳತಿ ತೋರಿಸಿದ ಮೇಲೆ ಸುಮ್ಮನಿರಲಾಗಲಿಲ್ಲ.

ಮೈಸೂರಿನಲ್ಲಿ ಆತ ನನ್ನ ಮುಂದಿಟ್ಟದ್ದು, ಒಂದೇ ಹಲಸಿನ ದಿಮ್ಮಿಯಲ್ಲಿ ಬುಡದ ದುಂಡನೆಯ ಕೊಡದಿಂದ ತುದಿಯ ಯಾಳಿಮುಖದವರೆಗೆ ಕಡೆದದ್ದೆನ್ನಲಾದ ಏಕಾಂಡ ವೀಣೆ. ‘ವೀಣೆ ಶೇಷಣ್ಣನವರ ಕಾಲದ್ದು ಮೇಡಂ, ನೂರು ವರ್ಷ ದಾಟಿದೆ’ ಎಂದ. ಮೈಸೂರು ಅರಮನೆಯ ಹೆಸರಾಂತ ವೈಣಿಕ ಶೇಷಣ್ಣನವರು ತೀರಿಕೊಂಡದ್ದು 1926ರಲ್ಲಾದ್ದರಿಂದ ಲೆಕ್ಕವೂ ಸರಿಹೊಂದಿತು. ವೀಣೆಯ ಉದ್ದನೆಯ ಕತ್ತಾದ ದಂಡಿಯಲ್ಲಿ ಎಡಗೈ ಹೆಬ್ಬೆರಳು ಓಡಾಡಿ ಸವೆದ ನುಣುಪು ನಿಜವಾಗಿಯೂ ಇತ್ತು. ನಾನು ಸೋತದ್ದು ಆ ನುಣುಪಿಗೆ. ರಸೀದಿ ಕೇಳಿದಾಗ ಮಾತ್ರ ಆತ ದನಿ ತಗ್ಗಿಸಿ, ‘ಅಂಚಿನ ಪಟ್ಟಿ ಆನೆದಂತದ್ದು, ಬಿಲ್ ಬರೆದರೆ ಇಬ್ಬರಿಗೂ ತೊಂದರೆ’ ಎಂದ. ದಂತದ ವ್ಯಾಪಾರಕ್ಕೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 1986ರ ತಿದ್ದುಪಡಿಯಿಂದಲೇ ನಿಷೇಧವಿದೆಯೆಂದು ಗೊತ್ತಿದ್ದೂ, ಎದ್ದು ಬರುವ ಬದಲು ಬಾಯಿ ಮುಚ್ಚಿಕೊಂಡು 1,60,000 ರೂಪಾಯಿ ಎಣಿಸಿಕೊಟ್ಟೆ. ನನ್ನ ಆಸೆಗೆ ಏನು ಹೇಳಲಿ!

ಬೇಸಿಗೆಯಲ್ಲಿ ಮೇಣ ಮೆತ್ತಗಾಗಿ, ಅದರಲ್ಲಿ ಕೂರಿಸಿದ ಸ್ವರದ ಮೆಟ್ಟಿಲುಗಳು ಅಲುಗತೊಡಗಿದವು. ಇಪ್ಪತ್ನಾಲ್ಕನ್ನೂ ಹೊಸದಾಗಿ ಕೂರಿಸಲೆಂದು, ಜೀವಮಾನವೆಲ್ಲ ವೀಣೆ ಮಾಡಿದ ಹಿರಿಯರೊಬ್ಬರ ಬಳಿಗೆ ಒಯ್ದೆ. ಅವರು ಮೆಟ್ಟಿಲುಗಳತ್ತ ನೋಡಲೇ ಇಲ್ಲ. ಕೊಡವೂ ದಂಡಿಯೂ ಸೇರುವಲ್ಲಿನ ಬಿಳಿ ಪಟ್ಟಿಯನ್ನು ಉಗುರಿನಿಂದ ತಟ್ಟಿ, ‘ಇದನ್ನು ಬಿಚ್ಚಲೇನಮ್ಮ?’ ಎಂದು ಕೇಳಿದರು. ಪಟ್ಟಿಯ ಅಡಿಯಲ್ಲಿ ಕೂದಲೆಳೆಯಷ್ಟು ಸಂದು, ಸಂದಿನಲ್ಲಿ ಬಡಗಿಗಳು ಬಳಸುವ ಬಿಳಿ ಅಂಟು, ಪಕ್ಕದಲ್ಲೊಂದು ಸ್ಟಾರ್ ಸ್ಕ್ರೂ ಇತ್ತು. ಅಂಥ ಸ್ಕ್ರೂ 1930ರ ದಶಕಕ್ಕೆ ಮೊದಲು ಬಳಕೆಗೇ ಬಂದಿರಲಿಲ್ಲ. ಬಣ್ಣ ಕೆರೆದು ನೋಡಿದರೆ ಕೊಡದ ಮರ ಇನ್ನೂ ಹಸಿ ಹಲಸಿನ ಹಳದಿಯಲ್ಲೇ ಇತ್ತು, ಅಂದರೆ ಕೊಡ ಹೊಸದು. ಕಾಸಿದ ಸೂಜಿ ತಾಗಿಸಿದಾಗ ‘ಆನೆದಂತ’ ಕರಗಿ ಪ್ಲಾಸ್ಟಿಕ್ ವಾಸನೆ ಬಂತು. ಇಲ್ಲದ ದಂತದ ಹೆಸರು ಹೇಳಿ ಆತ ರಸೀದಿಯನ್ನು ತಪ್ಪಿಸಿಕೊಂಡಿದ್ದ. ಇಲ್ಲದ ದಂತಕ್ಕೆ ಹೆದರಿ ನಾನು ಸುಮ್ಮನಾಗಿದ್ದೆ.

ಫೋನ್ ಮಾಡಿದರೆ, ‘ರಿಪೇರಿಯಾಗದ ಹಳೆಯ ವೀಣೆ ಎಲ್ಲಿದೆ ಮೇಡಂ?’ ಎಂದ. ಕೊಡವನ್ನೇ ಬದಲಿಸುವುದು ರಿಪೇರಿಯೇ ಎಂದು ಕೇಳಿದ್ದಕ್ಕೆ, ‘ನೀವು ಹಳೆಯದು ಬೇಕೆಂದಿರಿ, ದಂಡಿ ಹಳೆಯದೇ ಅಲ್ಲವೇ?’ ಎಂಬ ಉತ್ತರ ಬಂತು. ಏಕಾಂಡ ಎಂದದ್ದೇಕೆ ಎಂದರೆ, ‘ಹಾಗೆಂದು ನಾನು ಬರೆದುಕೊಟ್ಟಿದ್ದೇನೆಯೇ?’ ಎಂದ. ಬರೆದುಕೊಟ್ಟಿರಲಿಲ್ಲ.

ಭಾಗಗಳನ್ನು ಬೇರೆಬೇರೆಯಾಗಿ ಮಾಡಿ ಜೋಡಿಸಿದ ‘ಒಟ್ಟು ವೀಣೆ’ಯಲ್ಲಿ ತಪ್ಪೇನಿಲ್ಲ, ನಾನು ಕಲಿತದ್ದೇ ಅದರಲ್ಲಿ. ಅದನ್ನು ಏಕಾಂಡದ ಬೆಲೆಗೆ ದಾಟಿಸುವುದು ಮೋಸ. ಮರದ ಎಳೆ ಕೊಡದಿಂದ ದಂಡಿಗೆ ಮುರಿಯದೆ ಹರಿದಿದೆಯೇ ಎಂದು ಹಗಲು ಬೆಳಕಿನಲ್ಲಿ, ಹಿಂಬದಿಯಿಂದ ನೋಡಿ. ನೂರು ವರ್ಷ ದಾಟಿದ್ದೆಂದು ಹೇಳಿ ವ್ಯಾಪಾರ ಮಾಡುವವರಲ್ಲಿ 1972ರ ಪುರಾವಸ್ತು ಕಾಯ್ದೆಯ ಪರವಾನಗಿ ಕೇಳಿ. ದಂತ ಎಂಬ ಮಾತು ಬಂದರೆ ಎದ್ದು ಬನ್ನಿ, ನಾನು ಏಳಲಿಲ್ಲ.

ನಿನ್ನೆ ಮತ್ತೆ ಫೋನ್ ಮಾಡಿದಾಗ, 40,000ಕ್ಕಾದರೆ ವಾಪಸು ತೆಗೆದುಕೊಳ್ಳುವುದಾಗಿ ಹೇಳಿದ. ಅಷ್ಟು ಕಡಿಮೆ ಏಕೆ ಎಂದೆ. ‘ಪಟ್ಟಿ ಬಿಚ್ಚಿ ಹಾಳು ಮಾಡಿದ್ದೀರಲ್ಲ ಮೇಡಂ’ ಎಂದ.