ರೊಟ್ಟಿ ಬಡಿಯುವ ಮನೆಗೆ ಯಾವ ಕಿಚನ್ ಕ್ಯಾಬಿನೆಟ್?

ಧಾರವಾಡದ ಮಾಳಮಡ್ಡಿಯಲ್ಲಿರುವ ನಮ್ಮ ಮನೆಯ ಅಡಿಗೆಮನೆಯನ್ನು ಈ ವರ್ಷ ಹೊಸದಾಗಿ ಮಾಡಿಸಿದೆವು. ಹನ್ನೊಂದು ಅಡಿ ಉದ್ದ, ಎಂಟು ಅಡಿ ಅಗಲದ ಕೋಣೆ. ಕಡಪ ಕಲ್ಲನ್ನು ನಿಲ್ಲಿಸಿ ಅದರ ಮೇಲೆ ಗ್ರಾನೈಟ್ ಹಾಸಿದ ಎಲ್ ಆಕಾರದ ಹಳೆಯ ಕಟ್ಟೆ. ಕೆಳಗೆ ಬಾಗಿಲಿಲ್ಲದ ಗೂಡುಗಳು. ಆ ಗೂಡುಗಳಿಗೆ ಕ್ಯಾಬಿನೆಟ್ ಕೂಡಿಸುವುದಕ್ಕಾಗಿ ಗೋದ್ರೆಜ್ ಇಂಟೀರಿಯೊ, ಏಷ್ಯನ್ ಪೇಂಟ್ಸ್‌ನವರ ಸ್ಲೀಕ್, ಐಕಿಯಾ ಮತ್ತು ಹುಬ್ಬಳ್ಳಿಯ ತಾರಿಹಾಳ ಕೈಗಾರಿಕಾ ಪ್ರದೇಶದ ಒಂದು ವರ್ಕ್‌ಶಾಪ್, ಹೀಗೆ ನಾಲ್ಕು ಆಯ್ಕೆಗಳನ್ನು ಎರಡು ತಿಂಗಳ ಕಾಲ ತೂಗಿ ನೋಡಿದೆ. ಬಣ್ಣ, ಹೊಳಪುಗಳ ವಿಷಯವನ್ನು ಬೇಗ ಮುಗಿಸಿ, ಅಂಗಡಿಯಲ್ಲಿ ಯಾರೂ ತಾವಾಗಿ ಹೇಳದ ಸಂಗತಿಗಳನ್ನು ಇಲ್ಲಿ ವಿವರವಾಗಿ ಬರೆಯುತ್ತೇನೆ.

ಹೋಲಿಕೆಗೆ ಇಳಿಯುವ ಮೊದಲೇ ನನಗೆ ಎಚ್ಚರಿಕೆ ಕೊಟ್ಟದ್ದು ಕೇಶ್ವಾಪುರದಲ್ಲಿರುವ ಅಕ್ಕನ ಮನೆ. ಅಲ್ಲಿ ನಾಲ್ಕು ವರ್ಷದ ಹಿಂದೆ ಒಂದು ಕಂಪನಿಯವರು ಹಾಕಿಕೊಟ್ಟ ಕ್ಯಾಬಿನೆಟ್‌ಗಳು ಹೊರಗಿನಿಂದ ಇಂದಿಗೂ ಹೊಸದರಂತೆ ಕಾಣುತ್ತವೆ. ಆದರೆ ಸಿಂಕಿನ ಕೆಳಗಿನ ಬಾಗಿಲನ್ನು ತೆರೆದರೆ ತಳದ ಹಲಗೆ ಎಣ್ಣೆಗೆ ಬಿಟ್ಟ ಹಪ್ಪಳದಂತೆ ಉಬ್ಬಿ ನಿಂತಿದೆ. ಅಂಚಿನ ಪಟ್ಟಿ ಕಿತ್ತುಬಂದಿದೆ. ಉಗುರಿನಿಂದ ಕೆರೆದರೆ ಒಳಗಿನ ಎಂ.ಡಿ.ಎಫ್., ಅಂದರೆ ಮರದ ನಾರನ್ನು ಅಂಟಿನೊಂದಿಗೆ ಒತ್ತಿ ಮಾಡಿದ ಹಲಗೆ, ಹಿಟ್ಟಿನಂತೆ ಉದುರುತ್ತದೆ. ಬಾಗಿಲಿನ ಹಿಂಜ್ ಗಟ್ಟಿಯಾಗಿಯೇ ಇದೆ, ಅದರ ಸ್ಕ್ರೂ ಹಿಡಿಯುವುದಕ್ಕೆ ಅಲ್ಲಿ ಮರವೇ ಉಳಿದಿಲ್ಲ. ಕಂಪನಿಯವರನ್ನು ಕೇಳಿದಾಗ, ನೀರು ತಗುಲಿದ್ದಕ್ಕೆ ವಾರಂಟಿ ಅನ್ವಯಿಸುವುದಿಲ್ಲ ಎಂದು ಕರಾರಿನ ಸಣ್ಣ ಅಕ್ಷರದ ಸಾಲನ್ನು ತೋರಿಸಿದರಂತೆ. ಅಡಿಗೆಮನೆಯ ಸಿಂಕಿನ ಕೆಳಗೆ ನೀರು ತಗುಲದೆ ಮತ್ತೇನು ತಗುಲೀತು ಎಂದು ಅಕ್ಕ ಕೇಳಿದ ಪ್ರಶ್ನೆಗೆ ಅವರಲ್ಲಿ ಉತ್ತರವಿರಲಿಲ್ಲ.

ಹೀಗಾಗಿ ನಾನು ಮೊದಲು ನೋಡಿದ್ದು ಹಲಗೆಯನ್ನು. ಕ್ಯಾಬಿನೆಟ್ ಎಂದರೆ ಎರಡು ಬೇರೆ ವಸ್ತುಗಳು: ಒಳಗಿನ ಪೆಟ್ಟಿಗೆ, ಅಂದರೆ ಕಾರ್ಕಾಸ್, ಮತ್ತು ಮುಂದಿನ ಬಾಗಿಲು, ಅಂದರೆ ಶಟರ್. ಅಂಗಡಿಯವರು ನಮ್ಮ ಕಣ್ಣನ್ನು ಶಟರಿನ ಮೇಲೆಯೇ ಹಿಡಿದಿಡುತ್ತಾರೆ. ಆದರೆ ಬಾಳಿಕೆ ಇರುವುದು ಪೆಟ್ಟಿಗೆಯಲ್ಲಿ. ಪೆಟ್ಟಿಗೆಗೆ ಬಳಸುವುದು ಮರದ ಚೂರುಗಳನ್ನು ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡ್, ಎಂ.ಡಿ.ಎಫ್., ತೇವವನ್ನು ತಡೆಯುವಂತೆ ಹೆಚ್ಚು ಒತ್ತಾಗಿ ಮಾಡಿದ ಎಚ್.ಡಿ.ಎಚ್.ಎಂ.ಆರ್. ಇಲ್ಲವೆ ಪ್ಲೈವುಡ್. ಪ್ಲೈವುಡ್‌ನಲ್ಲಿ ಮತ್ತೆ ಸಾಮಾನ್ಯ ಬಳಕೆಯದ್ದಕ್ಕೆ ಐ.ಎಸ್. 303 ಮತ್ತು ಮರೈನ್ ಪ್ಲೈವುಡ್‌ಗೆ ಐ.ಎಸ್. 710 ಎಂಬ ಭಾರತೀಯ ಮಾನಕದ ಗುರುತುಗಳಿವೆ. ಎಪ್ಪತ್ತೆರಡು ಗಂಟೆ ನೀರಿನಲ್ಲಿ ಕುದಿಸಿದರೂ ಪದರಗಳು ಬಿಡಬಾರದು ಎಂಬುದು ಈ ಎರಡನೆಯ ಗುರುತಿನ ಪರೀಕ್ಷೆ. ‘ವಾಟರ್‌ಪ್ರೂಫ್’ ಎಂಬ ಮಾತನ್ನು ಎಲ್ಲ ಅಂಗಡಿಗಳಲ್ಲಿಯೂ ಕೇಳಿದೆ. ಹಲಗೆಯ ಮೇಲಿನ ಮುದ್ರೆಯನ್ನು ತೋರಿಸಿ ಎಂದಾಗ ತೋರಿಸಿದವರು ಇಬ್ಬರೇ.

ಮಾತಿನ ಮೇಲೆ ನಂಬಿಕೆ ಸಾಲದೆ, ಅಂಗಡಿಗಳಿಂದಲೂ ವರ್ಕ್‌ಶಾಪಿನಿಂದಲೂ ಅಂಗೈಯಗಲದ ತುಂಡುಗಳನ್ನು ಕೇಳಿ ತಂದು, ಹಿತ್ತಲಿನ ಬಕೆಟ್ಟಿನ ನೀರಿನಲ್ಲಿ ಮೂರು ದಿನ ಮುಳುಗಿಸಿಟ್ಟೆ. ನಾಲ್ಕೂ ತುಂಡುಗಳ ದಪ್ಪ ಹದಿನೆಂಟು ಮಿಲಿಮೀಟರ್ ಇತ್ತು. ಮೂರನೆಯ ದಿನ ಪಾರ್ಟಿಕಲ್ ಬೋರ್ಡ್ ಅಂಚಿನಲ್ಲಿ ಇಪ್ಪತ್ತಮೂರು ಮಿಲಿಮೀಟರಿಗೆ ಉಬ್ಬಿ, ಮೂಲೆಯನ್ನು ಹಿಂಡಿದರೆ ಪುಡಿಯಾಗುತ್ತಿತ್ತು. ಸಾಮಾನ್ಯ ಎಂ.ಡಿ.ಎಫ್. ಕೂಡ ಅದೇ ದಾರಿ ಹಿಡಿದಿತ್ತು. ಎಚ್.ಡಿ.ಎಚ್.ಎಂ.ಆರ್. ಒಂದು ಮಿಲಿಮೀಟರಿನಷ್ಟು ದಪ್ಪವಾಗಿತ್ತಾದರೂ ಗಟ್ಟಿತನ ಕಳೆದುಕೊಂಡಿರಲಿಲ್ಲ. 710 ಮುದ್ರೆಯ ಪ್ಲೈವುಡ್ ಬಣ್ಣದಲ್ಲಿ ಕಪ್ಪಗಾದದ್ದನ್ನು ಬಿಟ್ಟರೆ ಇದ್ದಂತೆಯೇ ಇತ್ತು. ಇದು ಪ್ರಯೋಗಾಲಯದ ಪರೀಕ್ಷೆಯಲ್ಲ. ಮನೆಯಲ್ಲಿ ಯಾರ ಅಂಚಿಗೂ ಹೀಗೆ ಮೂರು ದಿನ ನೀರು ನಿಲ್ಲುವುದಿಲ್ಲ ಎಂದು ಒಬ್ಬ ಡೀಲರ್ ವಾದಿಸಿದರು. ಆ ಮಾತು ಬೇರೆ ಊರಿಗೆ ಸರಿಯಿರಬಹುದು. ನಮ್ಮಲ್ಲಿ ನಳದ ನೀರು ದಿನವೂ ಬರುವುದಿಲ್ಲ. ನೀರು ಬಿಟ್ಟ ದಿನ ಕೊಡ, ಹಂಡೆ, ಡ್ರಮ್ಮುಗಳೆಲ್ಲ ತುಂಬುವ ಹೊತ್ತಿಗೆ ಅಡಿಗೆಮನೆಯ ನೆಲ ಅರ್ಧ ದಿನ ಒದ್ದೆಯಾಗಿಯೇ ಇರುತ್ತದೆ. ಮಳೆಗಾಲದಲ್ಲಂತೂ ಧಾರವಾಡದ ಗೋಡೆಗಳೇ ಬೆವರುತ್ತವೆ.

ಇನ್ನು ಬ್ರ್ಯಾಂಡ್‌ಗಳಿಗೆ ಬರುತ್ತೇನೆ. ಗೋದ್ರೆಜ್ ಎಂದರೆ ನಮ್ಮ ಕಡೆಯ ಮನೆಗಳಲ್ಲಿ ಇಂದಿಗೂ ಉಕ್ಕಿನ ಕಪಾಟು. ಮದುವೆಯಲ್ಲಿ ಬಂದ ಅವ್ವನ ಕಪಾಟು ನಮ್ಮ ಮನೆಯಲ್ಲಿ ಈಗಲೂ ಬಾಗಿಲು ಕಿರುಗುಟ್ಟದೆ ನಿಂತಿದೆ. ಅಡಿಗೆಮನೆಗೂ ಅವರಲ್ಲಿ ಮರದ ಹಲಗೆಯ ಮಾದರಿಗಳ ಜೊತೆಗೆ ಉಕ್ಕಿನ ಕ್ಯಾಬಿನೆಟ್‌ಗಳಿವೆ. ಗೆದ್ದಲಿನ ಕಾಟವಿರುವ ಹಳೆಯ ಮನೆಗಳಿಗೆ ನನ್ನ ಮಟ್ಟಿಗೆ ಇದೇ ಮೊದಲ ಆಯ್ಕೆ. ಆದರೆ ಉಕ್ಕಿನ ಪೆಟ್ಟಿಗೆಯನ್ನು ಮನೆಗೆ ತಂದ ಮೇಲೆ ಎರಡು ಇಂಚು ಕತ್ತರಿಸಿ ಕೂಡಿಸುವ ಮಾತೇ ಇಲ್ಲ. ಅಳತೆ ಕೂಡಿದರೆ ಕೂಡಿತು, ಇಲ್ಲದಿದ್ದರೆ ಇಲ್ಲ.

ಸ್ಲೀಕ್ ಮುಂಬೈ ಮೂಲದ, ಅಡಿಗೆಮನೆಗೆಂದೇ ಹುಟ್ಟಿದ ಕಂಪನಿ. ಅದರ 51% ಪಾಲನ್ನು ಏಷ್ಯನ್ ಪೇಂಟ್ಸ್ 2013ರಲ್ಲಿ ಕೊಂಡಿತು. ಇವರಲ್ಲಿ ನನಗೆ ಹಿಡಿಸಿದ್ದು ತಂತಿಬುಟ್ಟಿ, ಮೂಲೆಯ ತಿರುಗಣಿ, ಎಣ್ಣೆಬಾಟಲಿಯ ಎಳೆಬುಟ್ಟಿ ಮೊದಲಾದ ಒಳಸಾಮಾನುಗಳ ವಿಪುಲತೆ. ಎಲ್ ಆಕಾರದ ಕಟ್ಟೆಯ ಮೂಲೆ ಕತ್ತಲಗವಿಯಾಗುವುದನ್ನು ತಪ್ಪಿಸುವ ಉಪಾಯಗಳನ್ನು ಅಲ್ಲಿ ಕಂಡಷ್ಟು ಉಳಿದೆಡೆ ಕಾಣಲಿಲ್ಲ.

ಐಕಿಯಾದ ಬೆಂಗಳೂರಿನ ಮಳಿಗೆ 2022ರಲ್ಲಿ ನಾಗಸಂದ್ರದಲ್ಲಿ ತೆರೆಯಿತು. ನಮ್ಮ ಕಡೆಯಿಂದ ಹೋಗುವವರಿಗೆ ಅದು ತುಮಕೂರು ರಸ್ತೆಯಲ್ಲೇ, ದಾರಿಯ ಮೇಲೆಯೇ ಸಿಗುತ್ತದೆ. ಅವರ ಮೆಟೋಡ್ ಕ್ಯಾಬಿನೆಟ್‌ಗಳ ಅಚ್ಚುಕಟ್ಟುತನ ಮೆಚ್ಚುವಂಥದ್ದು: ಗೋಡೆಗೆ ಒಂದು ಲೋಹದ ಪಟ್ಟಿಯನ್ನು ನೇರವಾಗಿ ಹೊಡೆದು ಪೆಟ್ಟಿಗೆಗಳನ್ನು ಅದಕ್ಕೆ ತೂಗುಹಾಕುತ್ತಾರೆ, ಹೀಗಾಗಿ ಸಾಲು ತಪ್ಪುವುದಿಲ್ಲ. ಆದರೆ ಪೆಟ್ಟಿಗೆ ಪಾರ್ಟಿಕಲ್ ಬೋರ್ಡಿನದು. ಕೆಳಗಿನ ಪೆಟ್ಟಿಗೆಯೇ ಎಂಬತ್ತು ಸೆಂಟಿಮೀಟರ್, ಕಾಲು ಎಂಟು ಸೆಂಟಿಮೀಟರ್, ಮೇಲೆ ಹಾಸು. ಒಟ್ಟು ಕಟ್ಟೆ ತೊಂಬತ್ತು ಸೆಂಟಿಮೀಟರನ್ನು ದಾಟುತ್ತದೆ. ನನಗೆ ಅದು ಹಿತವಾದ ಎತ್ತರ. ಅವ್ವ ಅದರ ಮುಂದೆ ನಿಂತು ಎರಡೂ ಅಂಗೈಗಳನ್ನು ಮೇಲಿಟ್ಟು ಒಮ್ಮೆ ಒತ್ತಿ ನೋಡಿ, “ಇದರ ಮ್ಯಾಲ ರೊಟ್ಟಿ ಬಡದ್ರ ನನ್ನ ಭುಜ ಉಳಿತಾವೇನಪಾ?” ಎಂದು ಕೇಳಿದಳು.

ನನ್ನ ಹೋಲಿಕೆಯೆಲ್ಲ ತಿರುಗಿದ್ದು ಈ ಒಂದು ಪ್ರಶ್ನೆಯ ಮೇಲೆ. ಜೋಳದ ರೊಟ್ಟಿಯನ್ನು ಲಟ್ಟಿಸುವುದಲ್ಲ, ಬಡಿಯುವುದು. ಮೊಣಕಾಲು ನೋವಿನಿಂದ ನೆಲದ ಮೇಲೆ ಕುಳಿತುಕೊಳ್ಳಲಾಗದ ಮೇಲೆ ಅವ್ವ ಕಟ್ಟೆಯ ಮುಂದೆ ನಿಂತೇ ದಿನಕ್ಕೆ ಹತ್ತು ಹನ್ನೆರಡು ರೊಟ್ಟಿ ಬಡಿಯುತ್ತಾಳೆ. ಐದು ಅಡಿಯೂ ಇಲ್ಲದ ಅವಳಿಗೆ ಕಟ್ಟೆ ಮೂವತ್ತು ಇಂಚಿಗಿಂತ ಎತ್ತರವಾದರೆ ಬಲ ಮೊಣಕೈಯಿಂದ ಬರದೆ ಭುಜದಿಂದ ಬರಬೇಕಾಗುತ್ತದೆ. ಮಾಡ್ಯುಲರ್ ಪದ್ಧತಿಯಲ್ಲಿ ನಮ್ಮಲ್ಲಿ ಸಾಮಾನ್ಯವಾಗಿ ಪೆಟ್ಟಿಗೆ 720 ಮಿಲಿಮೀಟರ್, ಕಾಲು 100 ಮಿಲಿಮೀಟರ್, ಅದರ ಮೇಲೆ ಗ್ರಾನೈಟ್. ಅಲ್ಲಿಗೆ ಮೂವತ್ತಮೂರು ಇಂಚು ದಾಟುತ್ತದೆ. ಕಾಲನ್ನು ತಿರುಗಿಸಿ ಇಳಿಸಿದರೂ ಮೂವತ್ತಕ್ಕೆ ಬರುವುದಿಲ್ಲ. ಎರಡನೆಯ ತೊಡಕು ಅದುರುವಿಕೆಯದು. ಎರಡು ಬ್ರ್ಯಾಂಡ್ ಅಂಗಡಿಯವರೂ, ಹಳೆಯ ಕಟ್ಟೆಯನ್ನು ಒಡೆದು ಕೋಣೆಯನ್ನು ಖಾಲಿ ಮಾಡಿಕೊಟ್ಟರೆ ಪೆಟ್ಟಿಗೆಗಳ ಮೇಲೆಯೇ ಗ್ರಾನೈಟ್ ಕೂಡಿಸುತ್ತೇವೆ ಎಂದರು. ಅನ್ನ ಸಾರು ಮಾಡುವ ಕಟ್ಟೆಗೆ ಅದು ಧಾರಾಳವಾಗಿ ಸಾಕು. ದಿನಬೆಳಗಾದರೆ ಬಡಿತ ತಿನ್ನುವ ಕಟ್ಟೆಯ ಕೆಳಗೆ ಪ್ಲಾಸ್ಟಿಕ್ ಕಾಲಿನ ಪೆಟ್ಟಿಗೆ ಇಡುವ ಧೈರ್ಯ ನನಗೆ ಬರಲಿಲ್ಲ.

ಹಾಗಾದರೆ ಕಡಪ ಕಲ್ಲನ್ನು ಹಾಗೆಯೇ ಉಳಿಸಿಕೊಂಡು ನಡುವಿನ ಗೂಡುಗಳಿಗೆ ಡ್ರಾವರ್ ಕೂಡಿಸಬಹುದೇ ಎಂದು ಕೇಳಿದೆ. ನಮ್ಮ ಕಲ್ಲುಗಳ ನಡುವಿನ ಅಂತರ ಮೂವತ್ತೆರಡು ಇಂಚು. ನನಗೆ ತೋರಿಸಿದ ಪಟ್ಟಿಗಳಲ್ಲಿ ಪೆಟ್ಟಿಗೆಯ ಅಗಲ 450, 600, 900 ಮಿಲಿಮೀಟರ್. ಮೂವತ್ತೆರಡು ಇಂಚಿನಲ್ಲಿ 900 ಹಿಡಿಯುವುದಿಲ್ಲ; 600 ಇಟ್ಟರೆ ಎಂಟು ಇಂಚು ಫಿಲ್ಲರ್ ಪಟ್ಟಿಯ ಹಿಂದೆ ವ್ಯರ್ಥವಾಗುತ್ತದೆ. ಅದೂ ಅಲ್ಲದೆ ನಮ್ಮ ಎರೆಮಣ್ಣಿನ ನೆಲದಲ್ಲಿ ಹಳೆಯ ಗೋಡೆಗಳು ತೂಗುಗುಂಡಿನ ನೇರಕ್ಕೆ ನಿಂತಿರುವುದಿಲ್ಲ. ನಮ್ಮ ಗೋಡೆ ಕೆಳಗಿನಿಂದ ಮೇಲಕ್ಕೆ ಮುಕ್ಕಾಲು ಇಂಚು ಒಲೆದಿದೆ. ಕಾರ್ಖಾನೆಯಿಂದ ನೇರ ಮೂಲೆಯಲ್ಲಿ ಕತ್ತರಿಸಿ ಬಂದ ಪೆಟ್ಟಿಗೆಗೂ ಅಂಥ ಗೋಡೆಗೂ ಸಂದಿ ಬಿದ್ದೇ ಬೀಳುತ್ತದೆ, ಸಂದಿಯೆಂದರೆ ಜಿರಳೆಗೆ ಮನೆ.

ಇಲ್ಲಿ ವರ್ಕ್‌ಶಾಪ್ ಗೆದ್ದಿತು. ಅಲ್ಲಿಯ ಬಡಿಗೇರರು ಮನೆಗೆ ಬಂದು, ಪ್ರತಿ ಗೂಡಿನ ಅಗಲವನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆದು, ಅತಿ ಚಿಕ್ಕ ಅಳತೆಗೆ ಪೆಟ್ಟಿಗೆ ಕೊಯ್ದರು. ರೊಟ್ಟಿಯ ಬದಿಯ ಕಟ್ಟೆಯನ್ನು ಮೂವತ್ತು ಇಂಚಿಗೆ ಇಳಿಸಿ, ಒಲೆ ಮತ್ತು ಸಿಂಕಿನ ಬದಿಯನ್ನು ಮೂವತ್ತನಾಲ್ಕಕ್ಕೆ ಏರಿಸಿದೆವು. ಪೆಟ್ಟಿಗೆಗಳೆಲ್ಲ 710 ಮುದ್ರೆಯ ಪ್ಲೈವುಡ್, ಬಾಗಿಲುಗಳಿಗೆ ಒಂದು ಮಿಲಿಮೀಟರ್ ದಪ್ಪದ ಮ್ಯಾಟ್ ಸನ್‌ಮೈಕಾ. ಅಕ್ರಿಲಿಕ್ ಬಾಗಿಲು ಚೆಂದ ಕಾಣುತ್ತದೆ. ಒಗ್ಗರಣೆಯ ಕೈ ತಗುಲಿದರೆ ಬೆರಳಚ್ಚು ಸಹ ಅಷ್ಟೇ ಚೆಂದವಾಗಿ ಕಾಣುತ್ತದೆ.

ಬ್ರ್ಯಾಂಡಿಗೆ ಹಣ ಹಾಕಲೇಬೇಕಾದ ಜಾಗವೆಂದರೆ ಲೋಹದ ಸಾಮಾನು. ಜರ್ಮನಿಯ ಹೆಟ್ಟಿಚ್ ಮತ್ತು ಹ್ಯಾಫೆಲೆ, ಆಸ್ಟ್ರಿಯಾದ ಬ್ಲೂಮ್, ನಮ್ಮದೇ ದೇಶದ ಎಬ್ಕೊ, ಇವು ಎದುರಿಗಿದ್ದವು. ಬ್ಲೂಮ್ ಟ್ಯಾಂಡೆಂಬಾಕ್ಸ್ ಡ್ರಾವರ್ 30 ಕಿಲೊ ಮತ್ತು 65 ಕಿಲೊ ತೂಕದ ಎರಡು ದರ್ಜೆಗಳಲ್ಲಿ ಬರುತ್ತದೆ. ಅದನ್ನು ಒಮ್ಮೆ ಎಳೆದು ಬಿಟ್ಟವರಿಗೆ ಬೇರೆಯದು ರುಚಿಸುವುದು ಕಷ್ಟ, ಬೆಲೆ ಕೇಳಿದ ಮೇಲೆ ರುಚಿಸತೊಡಗುತ್ತದೆ. ನಾವು ಹಿಂಜ್‌ಗೆ ಹೆಟ್ಟಿಚ್‌ನ ಸೆನ್ಸಿಸ್ ಹಾಕಿಸಿದೆವು. ಬಾಗಿಲನ್ನು ನಿಧಾನವಾಗಿ ಮುಚ್ಚಿಸುವ ಡ್ಯಾಂಪರ್ ಅದರ ಒಳಗೇ ಅಡಗಿರುತ್ತದೆ. ಜೋಳದ ಹಿಟ್ಟು, ಅಕ್ಕಿ, ಬೇಳೆಗಳ ಡಬ್ಬಿಗಳಿರುವ ಕೆಳಗಿನ ಡ್ರಾವರಿಗೆ ಎಬ್ಕೊದ ಭಾರ ಹೊರುವ ಟೆಲಿಸ್ಕೋಪಿಕ್ ಚಾನೆಲ್, ಅಂದರೆ ಡ್ರಾವರ್ ಜಾರುವ ಹಳಿ, ಹಾಕಿಸಿದೆವು. ಅದು ತುಸು ಸದ್ದು ಮಾಡುತ್ತದೆ, ತೂಕವನ್ನು ಮಾತ್ರ ಗೊಣಗದೆ ಹೊರುತ್ತದೆ.

ಸ್ಟೀಲ್ ಬುಟ್ಟಿಗಳ ವಿಷಯದಲ್ಲಿ ಒಂದು ಎಚ್ಚರಿಕೆ. ಅಂಗಡಿಯವರು ಅಯಸ್ಕಾಂತ ಹಿಡಿದು, ನೋಡಿ ಅಂಟುವುದಿಲ್ಲ, ಆದ್ದರಿಂದ ತುಕ್ಕನ್ನು ಚೆನ್ನಾಗಿ ತಡೆಯುವ 304 ದರ್ಜೆಯೇ ಎಂದು ತೋರಿಸುತ್ತಾರೆ. ನಿಕ್ಕಲ್ ಕಡಿಮೆ ಇರುವ, ಮ್ಯಾಂಗನೀಸ್ ಹೆಚ್ಚಿರುವ 202 ದರ್ಜೆಯ ಸ್ಟೀಲಿಗೂ ಅಯಸ್ಕಾಂತ ಅಂಟುವುದಿಲ್ಲ. ಆದ್ದರಿಂದ ಆ ಪರೀಕ್ಷೆಯಿಂದ ಏನೂ ಸಿದ್ಧವಾಗದು; ಬಿಲ್ಲಿನಲ್ಲಿ 304 ಎಂದು ಬರೆಸಿಕೊಳ್ಳುವುದೇ ಸರಿ. ಹಾಗೆಯೇ, ಈಗ ಎಲ್ಲರೂ ಬಯಸುವ ಹಿಡಿಕೆಯಿಲ್ಲದ ಬಾಗಿಲಿನ ಅಲ್ಯೂಮಿನಿಯಂ ಪ್ರೊಫೈಲ್ ರೊಟ್ಟಿಯ ಬದಿಗೆ ಬೇಡ. ಪರಿಚಯದವರೊಬ್ಬರ ಮನೆಯಲ್ಲಿ ನೋಡಿದೆ: ಬೆರಳು ತೂರಿಸುವ ಆ ಕಾಲುವೆಯಲ್ಲಿ ಕಟ್ಟೆಯಿಂದ ಉದುರಿದ ಜೋಳದ ಹಿಟ್ಟು ಕೂತು, ಒದ್ದೆ ಕೈ ತಗುಲಿ, ಒಣಗಿ, ಸುಣ್ಣದ ಗಾರೆಯಂತೆ ಗಟ್ಟಿಯಾಗಿತ್ತು. ನಾವು ಹಳೆಯ ಕಾಲದ ಉದ್ದ ಹಿಡಿಕೆಯನ್ನೇ ಹಾಕಿಸಿದೆವು. ಗ್ಯಾಸ್ ಸಿಲಿಂಡರ್ ಇಡುವ ಗೂಡಿನ ಬಾಗಿಲಿಗೆ ತಳದಲ್ಲೇ ಜಾಲಿ ಬಿಡಿಸಿದೆವು. ಅಡಿಗೆ ಅನಿಲ ಗಾಳಿಗಿಂತ ಭಾರವಾದ್ದರಿಂದ ಸೋರಿದರೆ ಕೆಳಗೇ ನಿಲ್ಲುತ್ತದೆ, ಮೇಲಿನ ಜಾಲಿಯಿಂದ ಪ್ರಯೋಜನ ಕಡಿಮೆ.

ದರದ ಮಾತು. ಬ್ರ್ಯಾಂಡ್ ಅಂಗಡಿಗಳ ಎರಡು ಅಂದಾಜುಗಳು ₹2.85 ಲಕ್ಷ ಮತ್ತು ₹3.4 ಲಕ್ಷ ಇದ್ದವು, ವರ್ಕ್‌ಶಾಪಿನದು ₹2.1 ಲಕ್ಷ. ಮೂರರಲ್ಲಿಯೂ ಗ್ರಾನೈಟ್, ಚಿಮಣಿ, ನಳ ಮತ್ತು ವಿದ್ಯುತ್ ಕೆಲಸ ಸೇರಿರಲಿಲ್ಲ. ಚದರಡಿ ದರವನ್ನು ಒಬ್ಬರು ಬಾಗಿಲಿನ ಮುಖದ ಅಳತೆಗೆ ಹೇಳಿದರೆ ಇನ್ನೊಬ್ಬರು ಒಳಹಲಗೆಗಳನ್ನೂ ಬಿಡಿಸಿ ಎಣಿಸುತ್ತಾರೆ. ಆದ್ದರಿಂದ ಚದರಡಿ ದರವನ್ನು ಹೋಲಿಸುವುದು ವ್ಯರ್ಥ, ಒಟ್ಟು ಮೊತ್ತವನ್ನೇ ಹೋಲಿಸಬೇಕು. ನಮಗೆ ಕೊನೆಯಲ್ಲಿ ಬಿದ್ದದ್ದು ₹2.32 ಲಕ್ಷ.

ವರ್ಕ್‌ಶಾಪಿನ ಕೆಲಸದಲ್ಲಿ ಕೊರತೆಯಿಲ್ಲವೆಂದಲ್ಲ. ಇಪ್ಪತ್ತೈದು ದಿನಗಳೆಂದದ್ದು ನಲವತ್ತೊಂದು ದಿನ ಹಿಡಿಯಿತು. ನಡುವೆ ಒಂದು ವಾರ ಯಾರದೋ ಮನೆಯ ಗೃಹಪ್ರವೇಶದ ಅವಸರಕ್ಕೆ ನಮ್ಮ ಕೆಲಸ ನಿಂತಿತು. ಅಂಚಿನ ಪಟ್ಟಿಯ ವಿಷಯದಲ್ಲಿ ಕಾರ್ಖಾನೆಯ ಮಾಲಿಗೆ ಇವರು ಸರಿಸಾಟಿಯಲ್ಲ. ಯಂತ್ರದಲ್ಲಿ ಬಿಸಿ ಅಂಟಿನಿಂದ ಕೂಡಿಸಿದ ಪಟ್ಟಿಗಳು ಚೆನ್ನಾಗಿವೆ. ಗೋಡೆಯ ಓರೆಗೆ ಸರಿಯಾಗಿ ಮನೆಯಲ್ಲೇ ಕೊಯ್ದು ಕೈಯಿಂದ ಅಂಟಿಸಿದವುಗಳಲ್ಲಿ ಎರಡು ಆಗಲೇ ತುದಿ ಎತ್ತಿವೆ. ಫ್ಲ್ಯಾಟಿನಲ್ಲಿ ಹೊಸದಾಗಿ, ನೇರ ಗೋಡೆಗಳ ಖಾಲಿ ಕೋಣೆಯಲ್ಲಿ ಅಡಿಗೆಮನೆ ಮಾಡಿಸುವವರು, ಕೆಲಸದ ಮುಂದೆ ನಿಲ್ಲಲು ಬಿಡುವಿಲ್ಲದವರು ಬ್ರ್ಯಾಂಡನ್ನೇ ಹಿಡಿಯುವುದು ಲೇಸು. ಹಿಡಿಯುವಾಗ ಸಿಂಕಿನ ಕೆಳಗಿನ ಒಂದು ಪೆಟ್ಟಿಗೆಯನ್ನಾದರೂ ಮರೈನ್ ಪ್ಲೈವುಡ್‌ನಲ್ಲಿ ಇಲ್ಲವೆ ಉಕ್ಕಿನಲ್ಲಿ ಕೇಳಿ ಮಾಡಿಸಿಕೊಳ್ಳಲಿ.

ತುದಿ ಎತ್ತಿದ ಪಟ್ಟಿಗಳನ್ನು ಸರಿಪಡಿಸುವುದಕ್ಕೆ ಬಡಿಗೇರರು ಈ ಶನಿವಾರ ಬರುತ್ತೇನೆ ಎಂದಿದ್ದಾರೆ. ಕಳೆದ ಶನಿವಾರವೂ ಹಾಗೆಯೇ ಅಂದಿದ್ದರು.